ಹಿರಿಯಣ್ಣನ ಜೇಬಿನ ಕೀ

ಹಿರಿಯಣ್ಣನ ಎಡ ಮೊಣಕಾಲು ಮಡಚುವುದಿಲ್ಲ. ಯಾಕೆ ಅಂತ ಹೊಸಬರು ಕೇಳಿದರೆ, ಶಂಕರಘಟ್ಟದ ರಸ್ತೆಯಲ್ಲಿ ಚಿರತೆ ಅಡ್ಡ ಬಂತು, ಒದ್ದೆ, ನನಗಿಂತ ಅದಕ್ಕೇ ಜಾಸ್ತಿ ಪೆಟ್ಟಾಯ್ತು ಅನ್ನುತ್ತಾನೆ. ಅದೇ ಮನುಷ್ಯ ಇನ್ನೊಂದು ದಿನ ಕೇಳಿದರೆ ಚಿರತೆಯ ಜಾಗಕ್ಕೆ ಅಲ್ಲಿನ ಯೂನಿವರ್ಸಿಟಿ ಬಸ್ಸು ಬಂದಿರುತ್ತದೆ, ಅದಕ್ಕೂ ಒದ್ದಿರುತ್ತಾನೆ. ನಿಜ ಹೇಳಬೇಕೆಂದರೆ ಅವನು ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟು ಜಾರಿದ್ದು. ಸೋಪಿಗೆ ಏನೂ ಆಗಲಿಲ್ಲ, ಇನ್ನೂ ಒಂದು ವಾರ ಬಂತು ಅಂತ ಅವನ ಹೆಂಡತಿ ಸುಭದ್ರಮ್ಮನವರು ಹೇಳುತ್ತಾರೆ.

ಆಪರೇಷನ್ ಮಾಡಿದ ಡಾಕ್ಟರು ಇನ್ನು ಮೇಲೆ ಗಾಡಿ ಓಡಿಸುವ ಆಸೆ ಬಿಡಿ, ಕ್ಲಚ್ ತುಳಿಯಲಿಕ್ಕೆ ಈ ಕಾಲು ಆಗಿಬರುವುದಿಲ್ಲ ಅಂದರು. ಹಿರಿಯಣ್ಣ ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಲೇ, ಕಾಲು ಬದಲಾಯಿಸೋಕೆ ಆಗದಿದ್ದರೆ ಗಾಡಿ ಬದಲಾಯಿಸಿದರಾಯಿತು ಅಂದ. ಊರೂರು ಹುಡುಕಿ ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದ. ಅದೆಷ್ಟು ಉದ್ದ ಅಂದರೆ, ಮೂತಿ ಭದ್ರಾವತಿ ನ್ಯೂ ಟೌನಿನ ಅವನ ಗೇಟಿನೊಳಗೆ ಇದ್ದಾಗ ಬಾಲ ಊರಿನ ಆ ತುದಿಯ ಕಾಗದನಗರದಲ್ಲಿ ಟ್ರಾಫಿಕ್ ಜಾಮ್ ಮಾಡುತ್ತಿರುತ್ತದೆ.

ಆ ಗಾಡಿ ಬಂದ ಮೇಲೆ ನಮ್ಮ ಸಾಲಿನಲ್ಲಿ ಯಾರೂ ಭಾರ ಹೊತ್ತಿದ್ದನ್ನು ನಾನು ನೋಡಿಲ್ಲ. ಗಣಪತಿ ತರುವುದಕ್ಕೆ ಹಿರಿಯಣ್ಣ, ಬಿಡುವುದಕ್ಕೂ ಹಿರಿಯಣ್ಣ. ಮದುವೆ ಮನೆಯ ಹಂಡೆ, ಹೆರಿಗೆಗೆ ಬಂದ ಮಗಳ ಮಂಚ, ಹತ್ತಿ ಎಕ್ಕಿಸಲು ಕೊಟ್ಟ ಹಾಸಿಗೆ, ಎಲ್ಲ ಆ ಪಿಕಪ್ಪಿನ ಬೆನ್ನ ಮೇಲೆ. ಬಾಡಿಗೆ ಅಂತ ಯಾರಾದರೂ ಬಾಯಿ ತೆಗೆದರೆ ಅವರ ಸಾಮಾನನ್ನು ಇಳಿಸಿಯೇ ಹೋಗುತ್ತಿದ್ದ. ಅಳಿಯ ರುದ್ರೇಶ್ ಶಿವಮೊಗ್ಗದಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ, ಒಳ್ಳೆಯವನು. ಮಾವ ಆರಾಮಾಗಿ ಕೂತಿರಲಿ ಅಂತ ಜಗುಲಿಗೆ ಒಂದು ಒರಗು ಕುರ್ಚಿ ತಂದುಕೊಟ್ಟಿದ್ದ. ಹಿರಿಯಣ್ಣ ಒಂದು ದಿನವೂ ಅದರಲ್ಲಿ ಕೂರಲಿಲ್ಲ. ಗಾಡಿಯ ಹಳೇ ಬ್ಯಾಟರಿಯನ್ನು ಕೂರಿಸಿದ. ಅದಕ್ಕೆ ವಯಸ್ಸಾಗಿದೆ, ಅದು ರೆಸ್ಟ್ ತಗೊಳ್ಳಲಿ ಅಂದ.

ಈಗ ಜೇಬಿನ ವಿಷಯ ಹೇಳಬೇಕು. ಹಿರಿಯಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅಲ್ಲಿ ಮೊದಲ ದಿನ ಕಲಿಸಿದ ಪಾಠವನ್ನು ರಿಟೈರ್ ಆಗುವಾಗ ಗೇಟಿನಲ್ಲಿ ವಾಪಸ್ ಕೊಟ್ಟು ಬರಲಿಲ್ಲ. ಯಂತ್ರಕ್ಕೆ ಕೈ ಹಾಕುವ ಮುಂಚೆ ಅದನ್ನು ನಿಲ್ಲಿಸಬೇಕು, ಸ್ವಿಚ್ಚಿಗೆ ಬೀಗ ಹಾಕಬೇಕು, ಆ ಬೀಗದ ಕೀ ಕೆಲಸ ಮಾಡುವವನ ಸ್ವಂತ ಜೇಬಿನಲ್ಲೇ ಇರಬೇಕು. ಪಕ್ಕದವನ ಜೇಬಿನಲ್ಲಲ್ಲ, ಸಾಹೇಬರ ಮೇಜಿನ ಮೇಲಲ್ಲ. ಯಾರಾದರೂ ಇದಕ್ಕೆ ಎದುರು ಮಾತಾಡಿದರೆ ಅವನು ತನ್ನ ಹತ್ತೂ ಬೆರಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತಾನೆ, ಬೇರೆಯವರಿಗೆಲ್ಲ ಎಂಟೇ ಇರುವ ಹಾಗೆ.

ಮನೆಯಲ್ಲೂ ಅದೇ ಕಾನೂನು. ಮಿಕ್ಸಿ ಬಿಚ್ಚಬೇಕಾದರೆ ಫ್ಯೂಸ್ ಕಿತ್ತು ಜೇಬಿಗೆ. ಒಮ್ಮೆ ನೀರಿನ ಮೋಟರ್ ರಿಪೇರಿಗೆ ಅಂತ ಇಡೀ ಮನೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಒಂದು ವಾಷರ್ ತರಲು ಶಿವಮೊಗ್ಗಕ್ಕೆ ಹೋದವನು ಅಲ್ಲಿ ಯಾರದೋ ಗೃಹಪ್ರವೇಶದ ಊಟಕ್ಕೆ ಸಿಕ್ಕಿಹಾಕಿಕೊಂಡ. ವಾಪಸ್ ಬರುವಷ್ಟರಲ್ಲಿ ಫ್ರಿಜ್ಜಿನಲ್ಲಿದ್ದ ಹಾಲು ಮೊಸರಾಗಿ, ಮೊಸರು ಮಜ್ಜಿಗೆಯಾಗಿ, ಮಜ್ಜಿಗೆ ತಾನೇ ಒಗ್ಗರಣೆ ಹಾಕಿಕೊಳ್ಳುವ ಹಂತಕ್ಕೆ ಬಂದಿತ್ತು.

ಸುಭದ್ರಮ್ಮನವರಿಗೆ ಕಾರಿನ ಲೈಸೆನ್ಸ್ ಇದೆ. ಮಗಳು ಸೌಂದರ್ಯ ಡ್ರೈವಿಂಗ್ ಕಲಿಯುವಾಗ ಜೊತೆಗಿರಲಿ ಅಂತ ಹೋದವರು ಮಗಳಿಗಿಂತ ಮೊದಲೇ ಪಾಸಾಗಿ ಬಂದರು. ಆದರೆ ಪಿಕಪ್ಪಿನ ಕೀ ಅವರ ಕೈಗೆ ಸಿಗುತ್ತಿದ್ದುದು ಒಗೆಯುವ ಅಂಗಿಯ ಜೇಬು ತಡಕಿದಾಗ ಮಾತ್ರ. ಕೇಳಿದರೆ, ಲೈಸೆನ್ಸ್ ಇದ್ದೋರೆಲ್ಲ ಡ್ರೈವರಾದ್ರೆ ರೇಷನ್ ಕಾರ್ಡ್ ಇದ್ದೋರೆಲ್ಲ ಅಡುಗೆ ಭಟ್ಟರಾ ಅನ್ನುತ್ತಿದ್ದ ಹಿರಿಯಣ್ಣ.

ದೀಪಾವಳಿ ಕಳೆದ ಮೇಲೆ ಗಾಡಿಗೆ ಕಾಯಿಲೆ ಬಂತು. ನಮ್ಮ ಬಡಾವಣೆಯಾಚೆ ನೀರಿನ ಟ್ಯಾಂಕಿನ ದಿಬ್ಬ ಇದೆಯಲ್ಲ, ಅಲ್ಲಿ ಹತ್ತುವಾಗ ಚುನಾವಣೆ ಭಾಷಣದ ಹಾಗೆ ಎಂಜಿನ್ ಗಂಟಲು ಹರಿದುಕೊಳ್ಳುತ್ತಿತ್ತು, ಕೆಲಸ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೂಗಿ, ಆಮೇಲೆ ಧಡಕ್ ಅಂತ ಹಿಂದಿನಿಂದ ಯಾರೋ ಒದ್ದ ಹಾಗೆ ಹಾರುತ್ತಿತ್ತು. ಶಿವಮೊಗ್ಗದ ಒಂದು ಸರ್ವೀಸ್ ಸ್ಟೇಷನ್ನಿಗೆ ತೋರಿಸಿದರು. ಕೌಂಟರಿನಲ್ಲಿದ್ದವನು ಗೇರ್‌ಬಾಕ್ಸ್ ಹೋಗಿದೆ, ಹೊಸದು ಕೂರಿಸಬೇಕು, ಇಲ್ಲ ಗಾಡಿ ಮಾರಿಬಿಡಿ ಅಂದ. ಅದರೊಳಗಿನ ಎಣ್ಣೆ ಬದಲಾಯಿಸಿ ನೋಡಬಹುದಲ್ಲ ಅಂತ ಹಿರಿಯಣ್ಣ ಕೇಳಿದ್ದಕ್ಕೆ, ಅದನ್ನು ಬದಲಾಯಿಸುವ ಹಾಗೇ ಇಲ್ಲ ಸರ್, ಅದು ಲೈಫ್‌ಟೈಮ್ ಆಯಿಲ್ ಅಂದ.

"ಲೈಫ್‌ಟೈಮ್ ಅಂದ್ರೆ ಯಾರ ಲೈಫು ಮಾರಾಯ?" ಅಂದ ಹಿರಿಯಣ್ಣ. "ಎಣ್ಣೇದೋ, ಗಾಡೀದೋ, ನಂದೋ?"

ಗೇರ್‌ಬಾಕ್ಸಿನದ್ದು ಅಂತ ಉತ್ತರ ಬಂತು. ಅಂದರೆ ಗೇರ್‌ಬಾಕ್ಸ್ ಸಾಯುವ ದಿನ ಎಣ್ಣೆಯ ಆಯಸ್ಸೂ ಮುಗಿಯಿತು ಅಂತ ಲೆಕ್ಕ. ಒಳ್ಳೆ ನ್ಯಾಯ, ಹಾಗಾದರೆ ನಾನೂ ಒಂದೇ ಸ್ನಾನದಲ್ಲಿ ಜೀವನ ಪೂರ್ತಿ ತಳ್ಳಿಬಿಡುತ್ತಿದ್ದೆ, ಮೊಣಕಾಲಾದರೂ ಉಳಿಯುತ್ತಿತ್ತು ಅಂತ ಹೇಳಿ ಹಿರಿಯಣ್ಣ ಎದ್ದು ಬಂದ.

ರುದ್ರೇಶನಿಗೆ ಮಾತ್ರ ಮಾರಿಬಿಡಿ ಅನ್ನುವ ಮಾತು ಹಿಡಿಸಿತು. ಮಾವನಿಗೆ ವಯಸ್ಸಾಗುತ್ತಿದೆ, ಕಾಲು ಹೀಗಿದೆ, ದಿಬ್ಬದ ಮಧ್ಯೆ ಗಾಡಿ ಕೈಕೊಟ್ಟರೆ ಗತಿ ಏನು ಅಂತ ಅವನ ಚಿಂತೆ. ಸುಳ್ಳಲ್ಲ. ಒಬ್ಬ ಗಿರಾಕಿಯನ್ನೂ ಗೊತ್ತು ಮಾಡಿದ. ಇಬ್ಬರೂ ಜಗುಲಿಯಲ್ಲಿ ನಿಂತು ಒಪ್ಪಂದ ಮಾಡಿಕೊಂಡರು, ಕುರ್ಚಿಯಲ್ಲಿ ಕೂತಿದ್ದ ಬ್ಯಾಟರಿಯೇ ಸಾಕ್ಷಿ. ಭಾನುವಾರ ರುದ್ರೇಶ್ ಗಿರಾಕಿಯನ್ನು ಕರೆದುಕೊಂಡು ಬರುತ್ತಾನೆ. ಗಾಡಿ ಕೂಗದೆ, ಕುಪ್ಪಳಿಸದೆ ಟ್ಯಾಂಕಿನ ದಿಬ್ಬ ಹತ್ತಿದರೆ ಮಾರುವ ಸುದ್ದಿಯನ್ನು ಅಳಿಯ ಜನ್ಮದಲ್ಲಿ ಎತ್ತಬಾರದು. ಹತ್ತದಿದ್ದರೆ ಮಾವ ತನ್ನ ಕೈಯಾರೆ ಕೀ ತೆಗೆದು ಅಳಿಯನ ಅಂಗೈ ಮೇಲಿಡಬೇಕು. ಆಮೇಲೆ ಹಿರಿಯಣ್ಣನಿಗೆ ಉಳಿಯುವುದು ಜಗುಲಿ, ಕುರ್ಚಿ, ದಾರಿಯಲ್ಲಿ ಹೋಗುವವರನ್ನು ಊಟ ಆಯ್ತಾ ಅಂತ ಕೇಳುವ ಉದ್ಯೋಗ.

ಗಾಡಿಯ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅಕ್ಷರಗಳೋ ಸಾಸಿವೆ ಕಾಳಿನಷ್ಟು. ಸುಭದ್ರಮ್ಮನವರು ಕನ್ನಡಕ ಹಾಕಿಕೊಂಡು ಓದಿ ಓದಿ ಹೇಳಿದರು. ಈ ಗೇರ್‌ಬಾಕ್ಸಿಗೆ ಎಣ್ಣೆ ಅದ್ದಿ ನೋಡುವ ಕಡ್ಡಿಯೇ ಇಲ್ಲ. ತಳದಲ್ಲಿ ಎರಡು ಬೋಲ್ಟು: ಒಂದು ಹಳೇ ಎಣ್ಣೆ ಇಳಿಸುವುದಕ್ಕೆ, ಇನ್ನೊಂದು ಮಟ್ಟ ನೋಡುವುದಕ್ಕೆ. ಪಕ್ಕದಲ್ಲಿ ಮೇಲುಗಡೆ ಒಂದು ಬೋಲ್ಟು, ಅದರಿಂದ ಹೊಸದನ್ನು ಹಾಕಬೇಕು. ಮಟ್ಟದ ತೂತಿನಿಂದ ದಾರದೆಳೆಯಷ್ಟು ಎಣ್ಣೆ ಸುರಿದರೆ ಸರಿಯಾಯಿತು ಅಂತ ಅರ್ಥ. ಇಷ್ಟು ಹೇಳಿ ಅವರು ಕೊನೆಯ ಸಾಲನ್ನೂ ಓದಿದರು: ಮಟ್ಟ ನೋಡುವಾಗ ಎಂಜಿನ್ ಓಡುತ್ತಿರಬೇಕು, ಎಣ್ಣೆ ಬೆಚ್ಚಗಿರಬೇಕು.

ಅಲ್ಲಿಯವರೆಗೆ ಹೂಂ ಅನ್ನುತ್ತಿದ್ದ ಹಿರಿಯಣ್ಣ ಅಲ್ಲಿ ನಿಂತುಬಿಟ್ಟ. ಓಡುವ ಯಂತ್ರದ ಕೆಳಗೆ ಮಲಗಿ ಬೋಲ್ಟು ಬಿಚ್ಚುವುದೇ? ಅದು ಪ್ರಿಂಟ್ ಮಿಸ್ಟೇಕು ಅಂದ. ಓಡಬಾರದು ಅಂತ ಇದ್ದದ್ದರಲ್ಲಿ ಅಚ್ಚಿನವನು ಇಂಗ್ಲಿಷಿನ ಒಂದು ನಾಟ್ ನುಂಗಿದಾನೆ ಅಂದ. ಸುಭದ್ರಮ್ಮನವರು ಪುಸ್ತಕ ಮುಚ್ಚಿ ಅಕ್ಕಿ ಆರಿಸಲು ಹೋದರು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಟಾರ್ಚ್ ಹಿಡಿಯಲು ನನಗೆ ಕರೆ ಬಂದಿತ್ತು. ಗಾಡಿ ಮಟ್ಟಸವಾಗಿ ನಿಂತಿದೆಯೋ ಇಲ್ಲವೋ ನೋಡಲು ಹಿರಿಯಣ್ಣ ಅದರ ಬೆನ್ನ ಮೇಲೆ ತಟ್ಟೆಯಲ್ಲಿ ನೀರಿಟ್ಟು, ಹಿಂದಿನ ಚಕ್ರದ ಕೆಳಗೆ ಹಲಗೆ ಕೊಟ್ಟು, ಮತ್ತೆ ತಟ್ಟೆ ನೋಡಿದ. ಚಕ್ರಗಳ ಹಿಂದೆ ಮುಂದೆ ಕಲ್ಲು ಇಟ್ಟ. ಕೀ ತೆಗೆದು ಅಂಗಿಯ ಜೇಬಿಗೆ ಹಾಕಿ, ಜೇಬಿಗೆ ಪಿನ್ನು ಚುಚ್ಚಿದ. ಆಮೇಲೆ ಹಳೇ ಜಮಖಾನ ಹಾಸಿಕೊಂಡು, ಮಡಚದ ಕಾಲನ್ನು ಈಟಿಯ ಹಾಗೆ ಹೊರಗೆ ಚಾಚಿಕೊಂಡು ಗಾಡಿಯಡಿಗೆ ಸರಿದ.

ಹಳೇ ಎಣ್ಣೆ ಇಳಿಯಿತು. ಹೊಸದರಲ್ಲಿ ಅದು ಕೋಕಂ ಶರಬತ್ತಿನ ಹಾಗೆ ಕೆಂಪಗಿರಬೇಕಂತೆ. ಇದು ತಳ ಹಿಡಿದ ಕಷಾಯದ ಹಾಗಿತ್ತು, ವಾಸನೆಗೆ ಕಾಗೆಗಳು ಭದ್ರಾ ಹೊಳೆ ದಾಟಿ ಹೋದವು. ಬಾಣಲೆಗೆ ಹಿಡಿದು ಖಾಲಿ ಬಾಟಲಿಗಳಿಗೆ ತುಂಬಿ ಕಾಂಪೌಂಡಿನ ಮೇಲೆ ಸಾಲಾಗಿ ನಿಲ್ಲಿಸಿದೆವು. ಲೈಫ್‌ಟೈಮ್ ಅಂತೆ, ನೋಡೋ ಇದರ ಮುಖಾನ ಅಂತ ಹಿರಿಯಣ್ಣ ಗಾಡಿಯಡಿಯಿಂದಲೇ ಬೈದ. ಪುಸ್ತಕದಲ್ಲಿ ಹೇಳಿದ ನಂಬರಿನದೇ ಹೊಸ ಎಣ್ಣೆಯನ್ನು ಶಿವಮೊಗ್ಗದಿಂದ ತಂದಿದ್ದ. ಮೇಲಿನ ಬೋಲ್ಟಿನ ತೂತಿಗೆ ಡಬ್ಬ ಎತ್ತಿ ಸುರಿಯಲು ಜಾಗವಿಲ್ಲ. ಅದಕ್ಕೆ ಅಡಿಕೆ ತೋಟದವರು ಔಷಧಿ ಹೊಡೆಯುವಂಥದ್ದೇ ಒಂದು ಹೊಸ ಕೈಪಂಪಿಗೆ ಪೈಪು ಸಿಕ್ಕಿಸಿ ಎಣ್ಣೆ ಒತ್ತಿದ. ಎಂಜಿನ್ ಸುಮ್ಮನಿತ್ತು, ಕೀ ಜೇಬಿನಲ್ಲಿತ್ತು. ಸ್ವಲ್ಪ ಹೊತ್ತಿಗೇ ಮಟ್ಟದ ತೂತಿನಿಂದ ಎಣ್ಣೆ ಸುರಿಯಿತು. ಆಯ್ತು, ತುಂಬಿತು ಅಂತ ಬೋಲ್ಟು ಬಿಗಿದು ಹೊರಗೆ ಬಂದ.

ಡಬ್ಬದಲ್ಲಿ ಇನ್ನೂ ಬೇಕಾದಷ್ಟು ಎಣ್ಣೆ ಉಳಿದಿತ್ತು. ಹೊರಗೆ ಬಂದಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಒಳಗೆ ಹೋಗಿರಬಹುದು ಅಷ್ಟೆ. ನಾನು ಬಾಟಲಿ ಸಾಲನ್ನೂ ಡಬ್ಬವನ್ನೂ ನೋಡಿದ್ದಕ್ಕೆ, ಹಳೇ ಎಣ್ಣೆ ಕೊಳೆ ಕುಡಿದು ಊದಿಕೊಂಡಿರುತ್ತೆ ಕಣೋ ಅಂದ. ನಮ್ಮ ಸಾಲಿನ ಕೆಲವು ಗಂಡಸರನ್ನು ನೋಡಿದ್ದರಿಂದ ನಾನೂ ಒಪ್ಪಿಕೊಂಡೆ.

ಅಷ್ಟು ಹೊತ್ತಿಗೆ ರುದ್ರೇಶ್ ಬಂದ, ಜೊತೆಗೆ ಗಿರಾಕಿ. ಹಿರಿಯಣ್ಣ ಕಲ್ಲು ತೆಗೆಸಿ, ಪಿನ್ನು ಬಿಚ್ಚಿ ಕೀ ತೆಗೆದು, ಸೀಟಿನಲ್ಲಿ ರಾಜನ ಹಾಗೆ ಕೂತು ಸ್ಟಾರ್ಟ್ ಮಾಡಿದ. ಲಿವರನ್ನು ಮುಂದಕ್ಕೆ ಹೋಗುವ ಗೇರಿಗೆ ಎಳೆದ. ಗಾಡಿ ಅಲ್ಲಾಡಲಿಲ್ಲ. ಎಕ್ಸಿಲೇಟರ್ ಒತ್ತಿದ. ಎಂಜಿನ್ ಕೂಗಿತು, ನ್ಯೂ ಟೌನಿನ ನಾಯಿಗಳೆಲ್ಲ ಜೊತೆಗೆ ಕೂಗಿದವು, ಗಾಡಿ ಮಾತ್ರ ಚಾನಲ್ ನೀರಿನಲ್ಲಿ ಕೂತ ಎಮ್ಮೆಯ ಹಾಗೆ ಕೂತೇ ಇತ್ತು. ಮೊದಲಾದರೆ ಕೂಗಿಯಾದರೂ ಹೋಗುತ್ತಿತ್ತು. ಗಿರಾಕಿ ನಿಧಾನವಾಗಿ ಅಂಗಳದ ಸೀಬೆ ಗಿಡ ನೋಡಲು ಶುರು ಮಾಡಿದ.

ರುದ್ರೇಶ್ ಏನೂ ಹಂಗಿಸಲಿಲ್ಲ. ಮೆಲ್ಲಗೆ ಹತ್ತಿರ ಹೋಗಿ ಅಂಗೈ ಚಾಚಿದ. "ಕೊಡಿ ಮಾವ. ನೀವೇ ಆಡಿದ ಮಾತು."

ಹಿರಿಯಣ್ಣ ಎಂಜಿನ್ ಆಫ್ ಮಾಡಿ ಕೆಳಗಿಳಿದ. ಕೀ ಅವನ ಮುಷ್ಟಿಯಲ್ಲಿತ್ತು. ಜಗುಲಿಯ ಕುರ್ಚಿ ಕಡೆ ಒಂದು ಸಲ ನೋಡಿದ. ಬ್ಯಾಟರಿ ಸ್ವಲ್ಪ ಸರಿದು ಜಾಗ ಬಿಟ್ಟ ಹಾಗೆ ನನಗಂತೂ ಕಂಡಿತು.

"ದಿಬ್ಬ ಹತ್ತದಿದ್ರೆ ಅಂತ ಮಾತಾಗಿದ್ದು ಅಳಿಯಂದ್ರೆ," ಅಂದ. "ನಾನಿನ್ನೂ ದಿಬ್ಬಕ್ಕೇ ಹೋಗಿಲ್ಲ."

ಗೇಟೇ ದಾಟದ ಗಾಡಿ ದಿಬ್ಬಕ್ಕೆ ಹೇಗೆ ಹೋಗುತ್ತದೆ ಅಂತ ರುದ್ರೇಶ್ ಕೇಳುವಷ್ಟರಲ್ಲಿ ಸುಭದ್ರಮ್ಮನವರು ಕಾಫಿ ತಂದರು. ಗಿರಾಕಿಗೆ ಕೊಟ್ಟರು, ಅಳಿಯನಿಗೆ ಕೊಟ್ಟರು, ನನಗೂ ಕೊಟ್ಟರು. ಗಂಡನಿಗೆ ಕೊಡಲಿಲ್ಲ. ಕಾಂಪೌಂಡಿನ ಮೇಲಿನ ಬಾಟಲಿಗಳನ್ನು ನೋಡಿದರು, ಡಬ್ಬ ಎತ್ತಿ ಕುಲುಕಿದರು. ನಮ್ಮನೆ ಸಂಪು ಮೋಟರ್ ಆಫ್ ಇದ್ದಾಗ ತುಂಬಿ ತುಳುಕುತ್ತೆ, ಮೋಟರ್ ಹಾಕಿ ನೀರು ಮೇಲೆ ಟ್ಯಾಂಕಿಗೆ ಹೋದ ಮೇಲೆ ಬಗ್ಗಿ ನೋಡಿದರೆ ತಾನೇ ನಿಜವಾಗಿ ಎಷ್ಟಿದೆ ಅಂತ ಗೊತ್ತಾಗೋದು, ಇದರೊಳಗೂ ಎಣ್ಣೆ ಎಳೆಯೋ ಪಂಪಿದೆ ಅಂತ ಪುಸ್ತಕ ಹೇಳುತ್ತೆ ಅಂದರು. ಎಂಜಿನ್ ಓಡಬೇಕು ಅನ್ನೋದು ಪ್ರಿಂಟ್ ಮಿಸ್ಟೇಕಲ್ಲ ಅಂದರು.

ಹಿರಿಯಣ್ಣನಿಗೆ ಅದು ಹೊಳೆದಿರಲಿಲ್ಲ ಅಂತಲ್ಲ. ಓಡುವ ಎಂಜಿನ್ನಿನ ಕೀ ಗಾಡಿಯಲ್ಲೇ ಇರಬೇಕು, ಗಾಡಿಯಡಿ ಅವನಿರಬೇಕು, ಸೀಟಿನಲ್ಲಿ ಬ್ರೇಕು ತುಳಿದುಕೊಂಡು ಇನ್ನೊಬ್ಬರು ಇರಬೇಕು. ಜೇಬು ಖಾಲಿಯಾಗಬೇಕು. ಅದೊಂದು ಅವನಿಂದ ಆಗುತ್ತಿರಲಿಲ್ಲ.

ಸುಭದ್ರಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ನೀಡಿದರು. "ಕೀ ಕೊಡ್ರಿ."

"ಗಾಡಿ ಕೆಳಗೆ ನಾನಿರ್ತೀನಿ ಮಾರಾಯ್ತಿ."

"ಗೊತ್ತು. ನಿಮ್ಮನ್ನ ಮುಗಿಸೋದಾಗಿದ್ರೆ ಆ ಮಜ್ಜಿಗೆ ದಿನಾನೇ ಮುಗಿಸ್ತಿದ್ದೆ. ಅಳಿಯಂದ್ರಿಗೆ ಕೊಡ್ತೀರೋ, ನನಗೆ ಕೊಡ್ತೀರೋ? ಒಬ್ಬರಿಗೆ ಕೊಡ್ಲೇಬೇಕು."

ಅಳಿಯನ ಅಂಗೈ ಒಂದು ಕಡೆ, ಹೆಂಡತಿಯ ಅಂಗೈ ಒಂದು ಕಡೆ. ಹಿರಿಯಣ್ಣ ನಡುವೆ ಎಷ್ಟು ಹೊತ್ತು ನಿಂತಿದ್ದ ಅಂದರೆ, ಸೀಬೆ ಗಿಡದಲ್ಲಿ ಹೀಚಾಗಿದ್ದ ಕಾಯಿ ಹಣ್ಣಾಗಿ ಬಿತ್ತು. ಕೊನೆಗೆ ಕೀಯನ್ನು ಸುಭದ್ರಮ್ಮನವರ ಅಂಗೈಗೆ ಹಾಕಿದ. ಕೊಟ್ಟ ಅಂತ ಹೇಳಲಾರೆ, ಹಲ್ಲು ಕಿತ್ತಾಗ ಬೀಳುವ ಹಾಗೆ ಬಿತ್ತು.

ಅವರು ಸೀಟು ಹತ್ತಿ, ಕನ್ನಡಿ ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು ಕೂತರು. ಮತ್ತೆ ಚಕ್ರಗಳಿಗೆ ಕಲ್ಲು ಬಿತ್ತು. ಹ್ಯಾಂಡ್‌ಬ್ರೇಕು ಎಳೆದು, ಕಾಲಿನ ಬ್ರೇಕನ್ನು ಬಲವಾಗಿ ತುಳಿದುಕೊಂಡು ಎಂಜಿನ್ ಶುರು ಮಾಡಿದರು. ಪುಸ್ತಕದಲ್ಲಿದ್ದ ಹಾಗೆ ಲಿವರನ್ನು ಒಂದೊಂದು ಗೇರಿಗೂ ಎಳೆದು, ಸ್ವಲ್ಪ ತಡೆದು, ಕೊನೆಗೆ ಪಾರ್ಕಿಂಗಿಗೆ ತಂದು ನಿಲ್ಲಿಸಿದರು. ಆಮೇಲೆ ಇಳಿಯಿರಿ ಅಂದರು, ಬಾವಿಗೆ ಇಳಿಸುವವರ ಹಾಗೆ.

ಹಿರಿಯಣ್ಣ ಮಲಗಿದ. ಮೇಲೆ ಎಂಜಿನ್ ಗುರುಗುಟ್ಟುತ್ತಿತ್ತು. ಹೊರಗೆ ಚಾಚಿದ್ದ ಅವನ ಎಡಗಾಲು ನಡುಗುತ್ತಿದ್ದುದನ್ನು ನಾನು ನೋಡಿದೆ. ಆ ಕಾಲು ಆಪರೇಷನ್ ಆದ ಮೇಲೆ ಅಲ್ಲಾಡಿದ್ದು ಅದೇ ಮೊದಲು. ಎಣ್ಣೆ ಎಷ್ಟು ಬಿಸಿ ಇರಬೇಕು ಅಂತ ಒಳಗಿನಿಂದ ಕೂಗಿ ಕೇಳಿದ. ಕೂಸಿನ ಸ್ನಾನದ ನೀರಿನ ಹದ, ತಳಕ್ಕೆ ಮೊಣಕೈ ಮುಟ್ಟಿಸಿ ನೋಡಿ ಅಂತ ಮೇಲಿನಿಂದ ಉತ್ತರ ಬಂತು.

"ನಾನ್ಯಾವತ್ತು ಕೂಸಿಗೆ ನೀರು ಹಾಕಿದೀನೆ?"

"ಹಾಕಿಲ್ಲ. ಅದಕ್ಕೇ ಹೇಳಿಕೊಡ್ತಿರೋದು."

ಹದ ಬಂದ ಮೇಲೆ ಮಟ್ಟದ ಬೋಲ್ಟು ಬಿಚ್ಚಿದ. ಬೆಳಿಗ್ಗೆ ಸುರಿದ ತೂತಿನಿಂದ ಈಗ ಒಂದು ಹನಿಯೂ ಬರಲಿಲ್ಲ. ಕೈಪಂಪಿನ ಪೈಪು ಮೇಲಿನ ತೂತಿಗೆ ಸಿಕ್ಕಿಸಿ ಒತ್ತಿದ. ಗಾಡಿ ಕುಡಿಯಿತು, ಕುಡಿಯುತ್ತಲೇ ಹೋಯಿತು, ದಾವಣಗೆರೆ ಬಿಸಿಲಿನಿಂದ ಬಂದ ನೆಂಟನ ಹಾಗೆ. ಬಾಟಲಿ ಸಾಲು ಎಷ್ಟಿತ್ತೋ ಡಬ್ಬದಲ್ಲಿ ಅಷ್ಟು ಖಾಲಿಯಾಗುವ ಹೊತ್ತಿಗೆ ತೂತಿನಿಂದ ಮೊದಲು ಧಾರೆ ಬಂತು, ಆಮೇಲೆ ತೆಳುವಾಗಿ ಕೆಂಪು ದಾರದ ಒಂದು ಎಳೆ. ಹಿರಿಯಣ್ಣ ಬೋಲ್ಟು ಬಿಗಿದು, ಕೈ ಒರೆಸಿಕೊಂಡು, ತೆವಳಿ ಹೊರಗೆ ಬಂದ. ಬಂದವನು ಮೊದಲು ಮಾಡಿದ್ದು ಬೆರಳು ಎಣಿಸಿದ್ದು. ಹತ್ತೂ ಇದ್ದವು.

ಆಮೇಲೆ ಡ್ರೈವರ್ ಬಾಗಿಲ ಹತ್ತಿರ ಹೋಗಿ, ಸರಿ ಇಳಿ, ದಿಬ್ಬಕ್ಕೆ ಹೋಗಬೇಕು ಅಂದ. ಸುಭದ್ರಮ್ಮನವರು ಇಳಿಯಲಿಲ್ಲ. ನಿಮ್ಮ ಲುಂಗಿ ತುಂಬ ಎಣ್ಣೆ, ಸೀಟು ಹಾಳಾಗುತ್ತೆ, ಆ ಕಡೆ ಪೇಪರ್ ಹಾಸಿಕೊಂಡು ಕೂತ್ಕೊಳ್ಳಿ ಅಂದರು. ರುದ್ರೇಶನಿಗೂ ಗಿರಾಕಿಗೂ ನನಗೂ ಹಿಂದಿನ ಸೀಟು ತೋರಿಸಿದರು. ಕಲ್ಲು ತೆಗೆದೆವು. ಲಿವರ್ ಎಳೆದರು. ಗಾಡಿ, ಎಬ್ಬಿಸಿದರೆ ಸಾಕು ಅಂತ ಕಾಯುತ್ತಿದ್ದ ಹಾಗೆ, ಸದ್ದಿಲ್ಲದೆ ಗೇಟು ದಾಟಿತು.

ಟ್ಯಾಂಕಿನ ದಿಬ್ಬದ ಬುಡದಲ್ಲಿ ಹಿರಿಯಣ್ಣನ ಬಲಗಾಲು ಇಲ್ಲದ ಎಕ್ಸಿಲೇಟರನ್ನು ಒತ್ತುತ್ತಿತ್ತು. ನಿಧಾನ ಅಂದ, ಜೋರು ಅಂದ, ಹಾರ್ನ್ ಹೊಡಿ ಅಂದ. ಸುಭದ್ರಮ್ಮನವರು ಅದ್ಯಾವುದನ್ನೂ ಮಾಡಲಿಲ್ಲ. ಗಾಡಿ ಕೂಗಲಿಲ್ಲ, ಕುಪ್ಪಳಿಸಲಿಲ್ಲ. ಬೆಣ್ಣೆ ಹಚ್ಚಿದ ಕಾವಲಿಯ ಮೇಲೆ ದೋಸೆ ಹಿಟ್ಟು ಹರಡಿದ ಹಾಗೆ ದಿಬ್ಬ ಹತ್ತಿತು. ನೀರಿನ ಟ್ಯಾಂಕಿನ ಪಕ್ಕ ನಿಂತಿತು. ಅಲ್ಲಿಂದ ಇಡೀ ಭದ್ರಾವತಿ ಕಾಣುತ್ತದೆ. ಅವತ್ತು ಶಿವಮೊಗ್ಗದ ರುದ್ರೇಶನ ಟೈಲ್ಸ್ ಅಂಗಡಿಯ ಬೋರ್ಡೂ ಕಾಣಿಸಿತು ಅಂತ ಹಿರಿಯಣ್ಣ ಈಗಲೂ ಹೇಳುತ್ತಾನೆ.

ರುದ್ರೇಶ್ ತನ್ನ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡ. ಆಯ್ತು ಮಾವ, ಇನ್ನು ಎತ್ತಲ್ಲ ಅಂದ. ಮಾತಿಗೆ ನಿಂತ, ಅವನನ್ನು ಮೆಚ್ಚಬೇಕು. ಗಿರಾಕಿ ದಿಬ್ಬ ಇಳಿದು ಬಸ್ಸು ಹಿಡಿದ.

ಹಿರಿಯಣ್ಣ ಗೆದ್ದ ಗತ್ತಿನಲ್ಲಿ ಹೆಂಡತಿಯ ಕಡೆ ಕೈ ಚಾಚಿದ. "ಇಲ್ಲಿ ಕೊಡು ಕೀನ."

ಸುಭದ್ರಮ್ಮನವರು ಎಂಜಿನ್ ಆಫ್ ಮಾಡಿ ಕೀ ತೆಗೆದರು, ಸೆರಗಿನ ತುದಿಗೆ ಗಂಟು ಹಾಕಿದರು, ಗಂಟನ್ನು ಸೊಂಟಕ್ಕೆ ಸಿಕ್ಕಿಸಿದರು.

"ಕೀ ಯಾರತ್ರ ಇರ್ಬೇಕು ಅಂತ ನೀವೇ ಹೇಳಿದ್ದಲ್ವ?" ಅಂದರು. "ಕೆಲಸ ಮಾಡೋರ ಹತ್ರ."

ಅದಕ್ಕೆ ಎದುರು ಹೇಳಲು ಹಿರಿಯಣ್ಣ ಬಾಯಿ ತೆರೆದ. ಅವನದೇ ಕಾನೂನು, ಊರಿಗೆಲ್ಲ ಬೆರಳು ತೋರಿಸಿ ಕಲಿಸಿದ್ದು. ತೆರೆದ ಬಾಯಿಯನ್ನು ಹಾಗೇ ಆಕಳಿಕೆ ಮಾಡಿ ಮುಚ್ಚಿದ.

ಈಗ ನಮ್ಮ ಸಾಲಿನ ಗಣಪತಿಯನ್ನು ತರುವುದು, ಹಾಸಿಗೆ ಹೊರುವುದು ಸುಭದ್ರಮ್ಮನವರು. ಹಿರಿಯಣ್ಣ ಪಕ್ಕದ ಸೀಟಿನಲ್ಲಿ ಎಡಗಾಲನ್ನು ಉದ್ದಕ್ಕೆ ಚಾಚಿಕೊಂಡು ಕೂರುತ್ತಾನೆ. ಎಡಗಾಲು ಚಾಚಲು ಅಷ್ಟು ಜಾಗ ಡ್ರೈವರ್ ಸೀಟಿನಲ್ಲಿ ಎಲ್ಲಿತ್ತು, ಇದು ನಾನೇ ಮಾಡಿದ ಏರ್ಪಾಡು ಅನ್ನುತ್ತಾನೆ. ಜಗುಲಿಯ ಕುರ್ಚಿಯಲ್ಲಿ ಇನ್ನೂ ಬ್ಯಾಟರಿಯೇ ಇದೆ. ವಾರಕ್ಕೊಂದು ಸಲ ಎಣ್ಣೆ ಎಲ್ಲಾದರೂ ಜಿನುಗುತ್ತಿದೆಯಾ ಅಂತ ನೋಡಲು ಅವನು ಜಮಖಾನ ಹಾಸುತ್ತಾನೆ. ಗಾಡಿಯಡಿಗೆ ಸರಿಯುವ ಮುಂಚೆ ಅಡುಗೆಮನೆಯ ಕಡೆ ತಿರುಗಿ, ಕೀ ಎಲ್ಲಿದೆ ಅಂತ ಕೇಳುತ್ತಾನೆ. ಒಳಗಿನಿಂದ ಸೆರಗಿನ ಗಂಟು ಹಿಡಿದ ಒಂದು ಕೈ ಕಿಟಕಿಯ ಆಚೆಗೆ ಬಂದು ಗಲಗಲ ಅನ್ನಿಸಿ ಒಳಗೆ ಹೋಗುತ್ತದೆ. ಆಮೇಲೆ ಅವನು ಸರಿಯುತ್ತಾನೆ.